ಅಡ್ವಾನ್ಸ್ ಯಾರ ಜೇಬಿನಲ್ಲಿದೆ?

‘ಮೂವತ್ತು–ನಲವತ್ತು ಸೈಟು, ಆರು ಮನೆ, ತಿಂಗಳಿಗೆ ಅರವತ್ತು ಸಾವಿರ ಬಾಡಿಗೆ, 1.6 ಕೋಟಿ, ಕೂತು ಮಾತಾಡಬಹುದು.’ ಬೆಂಗಳೂರಿನ ಬ್ರೋಕರ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಂದೇಶಗಳಿಗೆ ಬರವಿಲ್ಲ. ನಿವೃತ್ತಿಯ ಹಣ ಕೈಗೆ ಬಂದವರು, ಊರಿನ ಜಮೀನು ಮಾರಿದವರು, ಸಾಫ್ಟ್‌ವೇರ್ ಸಂಬಳದಲ್ಲಿ ಒಂದಿಷ್ಟು ಉಳಿಸಿದ ದಂಪತಿಗಳು ಎಲ್ಲರಿಗೂ ಈಗ ಒಂದು ‘ರೆಂಟಲ್ ಇನ್‌ಕಮ್ ಬಿಲ್ಡಿಂಗ್’ ಬೇಕು. ಹಳೆಯ ವಠಾರವೇ ಎದ್ದು ನಿಂತ ಹಾಗಿರುವ ಕಟ್ಟಡಗಳಿವು: ಒಂದು ಗೇಟು, ಒಂದು ಸಂಪು, ಒಂದು ಮೆಟ್ಟಿಲು, ಆರು ಅಡುಗೆಮನೆ.

ಮೇಲಿನ ಜಾಹೀರಾತನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ವರ್ಷಕ್ಕೆ 7.2 ಲಕ್ಷ ಬಾಡಿಗೆ ಎಂದರೆ ಹಾಕಿದ ಹಣದ ಮೇಲೆ ನಾಲ್ಕೂವರೆ ಪರ್ಸೆಂಟ್, ಅದೂ ಖರ್ಚು ಕಳೆಯುವ ಮೊದಲು. 75 ಲಕ್ಷ ಮೀರಿದ ಗೃಹಸಾಲದಲ್ಲಿ ಆಸ್ತಿಯ ಬೆಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕೊಡಲು ರಿಸರ್ವ್ ಬ್ಯಾಂಕ್ ನಿಯಮ ಬಿಡುವುದಿಲ್ಲ. ಹಾಗಾಗಿ ಸಿಕ್ಕಿದರೆ 1.2 ಕೋಟಿ ಸಾಲ ಸಿಕ್ಕೀತು. ಎಂಟೂವರೆ ಪರ್ಸೆಂಟ್ ಬಡ್ಡಿಗೆ ಇಪ್ಪತ್ತು ವರ್ಷದ ಕಂತು ತಿಂಗಳಿಗೆ 1.04 ಲಕ್ಷ ದಾಟುತ್ತದೆ. ಬರುವುದು ಅರವತ್ತು, ಹೋಗುವುದು ನೂರನಾಲ್ಕು. ಉಳಿದ 40 ಲಕ್ಷವನ್ನು ಕೈಯಿಂದ ಹಾಕಬೇಕು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಎರಡು ಪರ್ಸೆಂಟ್ ಆಗಿರುವುದರಿಂದ, ಮುದ್ರಾಂಕ ಸುಂಕ ಮತ್ತು ಸೆಸ್ ಸೇರಿ ಸುಮಾರು 12 ಲಕ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ಖಾಲಿ. ಅಮೆರಿಕದ ಯೂಟ್ಯೂಬಿಗರು ಹೇಳುವ ‘ಬಾಡಿಗೆದಾರರೇ ನಿಮ್ಮ ಕಂತು ಕಟ್ಟುತ್ತಾರೆ’ ಎಂಬ ಮಾತಿಗೆ ಅಲ್ಲಿ ಒಂದು ಆಧಾರವಿದೆ. ನಾಲ್ಕು ಮನೆಗಳವರೆಗಿನ ಕಟ್ಟಡದ ಒಂದು ಮನೆಯಲ್ಲಿ ತಾನೇ ವಾಸವಿರುವವನಿಗೆ ಅಲ್ಲಿನ ಸರ್ಕಾರಿ ಖಾತರಿಯ ಸಾಲ 3.5 ಪರ್ಸೆಂಟ್ ಮುಂಗಡಕ್ಕೇ ಸಿಗುತ್ತದೆ. ಬೆಂಗಳೂರಿನಲ್ಲಿ ಆ ಮಾತು ನಡೆಯದು. ಇಲ್ಲಿ ಕೊಳ್ಳುವುದು ನೆಲವನ್ನು, ಬಾಡಿಗೆ ಅದರ ಮೇಲಿನ ಬೆಳೆ. ನೆಲದ ಬೆಲೆ ಏರುತ್ತದೆಂಬ ನಂಬಿಕೆ ಇಲ್ಲದವರು ಈ ವ್ಯವಹಾರಕ್ಕೆ ಇಳಿಯುವುದೇ ಬೇಡ.

ಈ ಲೆಕ್ಕವನ್ನು ಹೇಗೋ ಎಲ್ಲರೂ ಮಾಡಿಬಿಡುತ್ತಾರೆ. ಮಾಡದಿರುವುದು ಅಡ್ವಾನ್ಸಿನ ಲೆಕ್ಕ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಪಡೆಯುವುದು ಹಳೆಯ ರೂಢಿ. ಈಗ ಕೆಲವು ಕಡೆ ಐದಾರು ತಿಂಗಳಿಗೆ ಇಳಿದಿದೆ. ವಸತಿ ಮನೆಗೆ ಎರಡೇ ತಿಂಗಳ ಠೇವಣಿ ಸಾಕೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳಿತು, ಓನರುಗಳು ಕೇಳಿಸಿಕೊಳ್ಳಲಿಲ್ಲ. ಆರು ಮನೆಯ ಹತ್ತು ತಿಂಗಳ ಅಡ್ವಾನ್ಸ್ ಎಂದರೆ ಆರು ಲಕ್ಷ. ಆ ಹಣ ಕಟ್ಟಡದಲ್ಲಿಲ್ಲ, ಮಾರುವವರ ಮಗಳ ಮದುವೆಯಲ್ಲೋ ಇನ್ನೊಂದು ಸೈಟಿನಲ್ಲೋ ಕರಗಿರುತ್ತದೆ. ಕಾನೂನಿನ ವಾದ ಏನೇ ಇರಲಿ, ಮನೆ ಖಾಲಿ ಮಾಡುವ ದಿನ ಬಾಡಿಗೆದಾರ ಬಂದು ನಿಲ್ಲುವುದು ಹೊಸ ಓನರಿನ ಬಾಗಿಲಲ್ಲೇ.

ಇನ್ನೂ ದೊಡ್ಡ ಗುಂಡಿ ಲೀಸಿನದು. ಎಂಟೋ ಹತ್ತೋ ಲಕ್ಷ ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಹೋಗುವಾಗ ಅಷ್ಟೂ ಹಣ ವಾಪಸ್ ಪಡೆಯುವ ಭೋಗ್ಯದ ಪದ್ಧತಿ ಇದು. ಕೈಬಿಗಿಯಾದ ಓನರು ಆರರಲ್ಲಿ ಎರಡು ಮನೆಯನ್ನು ಲೀಸಿಗೆ ಹಾಕಿ, ಮಾರುವಾಗ ಅವುಗಳಿಗೂ ‘ಬರಬಹುದಾದ ಬಾಡಿಗೆ’ ಸೇರಿಸಿ ಅರವತ್ತು ಸಾವಿರ ಎಂದಿರುತ್ತಾನೆ. ಕೊಂಡವನಿಗೆ ಆ ಎರಡು ಮನೆಗಳಿಂದ ಒಂದು ರೂಪಾಯಿಯೂ ಬಾರದು, ಮೇಲೆ ಇಪ್ಪತ್ತು ಲಕ್ಷದವರೆಗೆ ಸಾಲ ಬೇರೆ. ಇದು ಋಣಭಾರ ಪತ್ರದಲ್ಲಿ (ಇಸಿ) ಕಾಣುವುದಿಲ್ಲವೇ ಎಂದು ಕೇಳಬಹುದು. ಮೂವತ್ತು ವರ್ಷದ ಇಸಿ ತೆಗೆಸಿದರೂ ಅದರಲ್ಲಿ ಸಿಗುವುದು ನೋಂದಣಿಯಾದ ವ್ಯವಹಾರ ಮಾತ್ರ. ಲೀಸ್ ಕರಾರುಗಳು ಹೆಚ್ಚಾಗಿ ಛಾಪಾ ಕಾಗದದಲ್ಲೇ ಮುಗಿಯುತ್ತವೆ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆಂಬ ಕಾರಣಕ್ಕೇ ಬಾಡಿಗೆ ಕರಾರುಗಳು ಹನ್ನೊಂದು ತಿಂಗಳಿಗೆ ನಿಲ್ಲುವುದು.

ಆದ್ದರಿಂದ ಮುಂಗಡ ಕೊಡುವ ಮುನ್ನ ಆರೂ ಬಾಗಿಲು ತಟ್ಟಬೇಕು. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಯಾವಾಗ ಬಂದಿರಿ ಎಂದು ಕೇಳಿ ಪ್ರತಿ ಮನೆಯವರ ಸಹಿ ಪಡೆದು, ಆ ಒಟ್ಟು ಮೊತ್ತವನ್ನು ಮಾರಾಟದ ಬೆಲೆಯಲ್ಲೇ ಮುರಿದುಕೊಳ್ಳಬೇಕು. ‘ಅವರನ್ನೆಲ್ಲ ಯಾಕೆ ಗಾಬರಿ ಮಾಡ್ತೀರಾ ಸಾರ್’ ಎಂದು ಬ್ರೋಕರ್ ತಡೆದರೆ ಆ ಕಟ್ಟಡ ಬಿಟ್ಟುಬಿಡುವುದು ವಾಸಿ.

ಬಾಗಿಲು ತಟ್ಟುವುದರಿಂದ ಇನ್ನೊಂದು ಲಾಭವಿದೆ. ನೀರಿನ ಕಥೆ ಹೊರಬರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರ ಟ್ಯಾಂಕರ್ ಹಿಂದೆ ಓಡಿದಾಗ ಈ ಕಟ್ಟಡದಲ್ಲಿ ಏನಾಯಿತು, ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಟ್ಯಾಂಕರ್ ದುಡ್ಡು ಯಾರು ಕೊಟ್ಟರು ಎಂಬುದನ್ನು ಮೂರನೇ ಮಹಡಿಯ ಗೃಹಿಣಿ ಹೇಳಿದಷ್ಟು ನಿಖರವಾಗಿ ಯಾವ ದಾಖಲೆಯೂ ಹೇಳದು. ಸಂಪು ಚಿಕ್ಕದಿದ್ದರೆ ಎಷ್ಟು ಚೆಂದದ ಟೈಲ್ಸ್ ಹಾಕಿಸಿದರೂ ಒಳ್ಳೆಯ ಬಾಡಿಗೆದಾರ ಬಾಳಿಕೆ ಬರುವುದಿಲ್ಲ.

ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡನ್ನೂ ಎಣಿಸಿ. 2023ರಲ್ಲಿ ಗೃಹಜ್ಯೋತಿಯ ಉಚಿತ ವಿದ್ಯುತ್ ಬಂದ ಮೇಲೆ ಮನೆ ನೋಡಲು ಬಂದವರು ಮೊದಲು ಕೇಳುವುದೇ ‘ಸಪರೇಟ್ ಮೀಟರ್ ಇದೆಯಾ’ ಎಂದು. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಬಳಕೆ 200 ಯೂನಿಟ್ ದಾಟುವುದು ಸುಲಭ, ದಾಟಿದರೆ ಪೂರ್ತಿ ಬಿಲ್ಲು, ಬಿಲ್ಲಿನ ಹಿಂದೆಯೇ ಜಗಳ. ಹೊಸದಾಗಿ ಕಟ್ಟಿದ ಕಟ್ಟಡವಾದರೆ ಸಂಪರ್ಕ ಕಾಯಂ ಆಗಿದೆಯೇ ಎಂದು ನೋಡಬೇಕು. ಸ್ವಾಧೀನಾನುಭವ ಪತ್ರ ಇಲ್ಲದೆ ವಿದ್ಯುತ್, ನೀರು ಕೊಡಕೂಡದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ನಂತರ ಎಷ್ಟೋ ಕಟ್ಟಡಗಳು ತಾತ್ಕಾಲಿಕ ಕರೆಂಟಿನಲ್ಲೇ ಕಾಲ ಹಾಕಿದವು.

ಮೂಲ ಪತ್ರ, ಇ–ಖಾತಾ, ತೆರಿಗೆ ರಸೀದಿಗಳನ್ನು ವಕೀಲರು ನೋಡುತ್ತಾರೆ. ನಕ್ಷೆಯೊಂದನ್ನು ಮಾತ್ರ ನೀವೇ ನೋಡಿ. ಮಂಜೂರಾದ ಮಹಡಿ ಎಷ್ಟು, ಎದ್ದಿರುವ ಮಹಡಿ ಎಷ್ಟು? ಮೇಲಿನ ಅಂತಸ್ತು ನಕ್ಷೆಯಲ್ಲಿ ಇಲ್ಲವಾದರೆ ಅದರ ಬಾಡಿಗೆಯನ್ನು ಬೆಲೆ ಕಟ್ಟುವಾಗ ಸೇರಿಸಬೇಡಿ. ಬಿ–ಖಾತಾ ಆದರೆ ಬಹುತೇಕ ಬ್ಯಾಂಕುಗಳು ಹಿಂದೆ ಸರಿಯುತ್ತವೆ, ನಾಳೆ ನಿಮ್ಮಿಂದ ಕೊಳ್ಳುವವನಿಗೂ ಅದೇ ತೊಡಕು.

ಇನ್ನು ನಡೆಸುವ ಕೆಲಸ. ಒಂದು ಮನೆ ಒಂದು ತಿಂಗಳು ಖಾಲಿ ಬಿದ್ದರೆ ಅದರ ವರ್ಷದ ಆದಾಯದಲ್ಲಿ ಎಂಟು ಪರ್ಸೆಂಟ್ ಹೋಯಿತು. ಆದರೂ ‘ವೆಜ್ ಓನ್ಲಿ’, ‘ಬ್ಯಾಚುಲರ್ಸ್ ಬೇಡ’ ಎಂಬ ಬೋರ್ಡಿನೊಂದಿಗೆ ಮನೆಯನ್ನು ಮೂರು ತಿಂಗಳು ಖಾಲಿ ಇಟ್ಟು, ಬಾಡಿಗೆ ಮಾರುಕಟ್ಟೆ ಬಿದ್ದಿದೆ ಎಂದು ದೂರುವವರನ್ನು ಕಂಡರೆ ನನಗೆ ಮರುಕ ಬರುವುದಿಲ್ಲ. ಜಾತಿಯನ್ನು ಸುತ್ತಿ ಬಳಸಿ ವಿಚಾರಿಸುವ ಬದಲು ಹಿಂದಿನ ಓನರಿಗೆ ಒಂದು ಫೋನ್ ಮಾಡಿ, ಗುರುತಿನ ಚೀಟಿ ಪಡೆದು, ಪೊಲೀಸ್ ಪರಿಶೀಲನೆಗೆ ಕೊಡುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಖಾಲಿ ಮಾಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿಯುವ ರೂಢಿ ಇದ್ದರೆ ಅದನ್ನು ಕರಾರಿನಲ್ಲೇ ಬರೆದುಬಿಡಿ, ಮೋಟರು ಹಾಕುವ ಜವಾಬ್ದಾರಿ ಯಾರದೆಂಬುದನ್ನೂ.

ತೆರಿಗೆಯಲ್ಲಿ ಮಾತ್ರ ಸ್ವಲ್ಪ ಸಮಾಧಾನವಿದೆ. ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಮೂವತ್ತು ಪರ್ಸೆಂಟನ್ನು, ರಿಪೇರಿ ಮಾಡಿಸಿರಲಿ ಬಿಡಲಿ, ಆದಾಯ ತೆರಿಗೆಯಿಂದ ಬಿಡುತ್ತಾರೆ; ಸಾಲದ ಬಡ್ಡಿಯೂ ಕಳೆಯುತ್ತದೆ. ಅನಿವಾಸಿ ಕನ್ನಡಿಗರು ಕೊಳ್ಳುವುದಾದರೆ ಒಂದು ಮಾತು: ಅವರಿಗೆ ಬಾಡಿಗೆ ಕೊಡುವಾತ ಮೂಲದಲ್ಲೇ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಸಿಂಗಲ್ ಬೆಡ್‌ರೂಮಿನ ಬಾಡಿಗೆದಾರನಿಗೆ ಇದನ್ನು ಒಪ್ಪಿಸುವಷ್ಟರಲ್ಲಿ ಆತ ಪಕ್ಕದ ಬೀದಿಯಲ್ಲಿ ಬೇರೆ ಮನೆಗೆ ಅಡ್ವಾನ್ಸ್ ಕೊಟ್ಟಿರುತ್ತಾನೆ.