ಒಡೆಯರ ಗುರುತು: ಹಳೆಯ ಕಾಮಿಕ್ ಪುಸ್ತಕಗಳು ಮತ್ತು ಒಡೆತನದ ಪರಂಪರೆ

ಪುಸ್ತಕದ ಬೆಲೆ ಅದರೊಳಗಿನ ಪಠ್ಯದಲ್ಲಿದೆ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಸಹಜವಾದ ನಂಬಿಕೆ. ಒಂದೇ ಅಚ್ಚಿನಿಂದ ಹೊರಬಂದ ಎರಡು ಪ್ರತಿಗಳಲ್ಲಿ ಪಠ್ಯವು ಒಂದೇ ಆದ್ದರಿಂದ ಅವುಗಳ ಬೆಲೆಯೂ ಒಂದೇ ಆಗಿರಬೇಕು. ಅಮೆರಿಕದ ಹಳೆಯ ಕಾಮಿಕ್ ಪುಸ್ತಕಗಳ ಸಂಗ್ರಾಹಕರಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಒಂದೇ ಸಂಚಿಕೆಯ, ಒಂದೇ ಸ್ಥಿತಿಯ ಎರಡು ಪ್ರತಿಗಳಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಬಹಳ ಹೆಚ್ಚಿನ ಬೆಲೆ ಬರುವುದುಂಟು. ಆ ಪ್ರತಿಯನ್ನು ಮೊದಲು ಕೊಂಡವರು ಯಾರು, ಅದು ಎಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬುದು ತಿಳಿದಿರುವುದೇ ಇದಕ್ಕೆ ಕಾರಣ. ಇದನ್ನು ಇಂಗ್ಲಿಷಿನಲ್ಲಿ ‘ಪ್ರಾವನೆನ್ಸ್’ ಎನ್ನುತ್ತಾರೆ. ನಾವು ‘ಒಡೆತನದ ಪರಂಪರೆ’ ಎನ್ನಬಹುದು. ಚಿತ್ರಕಥೆಯ ಪುಸ್ತಕಗಳನ್ನು ಮಕ್ಕಳ ಆಟಿಕೆಯೆಂದು ಬದಿಗೆ ಸರಿಸುವವರಿಗೂ ಈ ವಿಚಾರ ತಿಳಿದಿರಬೇಕು. ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗಂತೂ ಇದು ತಮ್ಮದೇ ವಿಷಯ.

ಮೊದಲು ಈ ಪುಸ್ತಕಗಳ ವಿರಳತೆಯ ಕಾರಣವನ್ನು ತಿಳಿಯೋಣ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯ ಮೇಲೆ 1938ರ ಜೂನ್ ತಿಂಗಳ ಹೆಸರಿದೆ. ಬೆಲೆ 10 ಸೆಂಟ್. ಅಚ್ಚಾದ ಪ್ರತಿಗಳು ಸುಮಾರು 2 ಲಕ್ಷ. ಇಂದು ಉಳಿದಿರುವುದು ನೂರರ ಆಸುಪಾಸು ಎಂದು ತಜ್ಞರ ಅಂದಾಜು. ಅಗ್ಗದ ಕಾಗದ ತಾನಾಗಿಯೇ ಹಳದಿಗಟ್ಟಿ ಪುಡಿಯಾಗುವಂಥದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಮನೆಯಿಂದ ಹಳೆಯ ಕಾಗದವನ್ನು ಸಂಗ್ರಹಿಸಿ ಒಯ್ದರು. ಯುದ್ಧದ ನಂತರ ಕಾಮಿಕ್‌ಗಳು ಮಕ್ಕಳನ್ನು ಕೆಡಿಸುತ್ತವೆ ಎಂಬ ಕೂಗೆದ್ದು, ಕೆಲವು ಊರುಗಳಲ್ಲಿ ಅವುಗಳನ್ನು ರಾಶಿ ಹಾಕಿ ಸುಟ್ಟದ್ದೂ ಉಂಟು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್‌ರ ಗ್ರಂಥವು ಆ ಕೂಗಿಗೆ ಶಾಸ್ತ್ರದ ಬಲ ತಂದಿತು. ಇಷ್ಟೆಲ್ಲವನ್ನು ದಾಟಿ ಒಂದು ಪ್ರತಿ ಉಳಿದಿದ್ದರೆ, ಅದರ ಹಿಂದೆ ಯಾರೋ ಒಬ್ಬ ಓದುಗನ ಸ್ವಭಾವವಿದೆ, ಒಂದು ಮನೆಯ ಮೂಲೆಯಿದೆ. ಒಬ್ಬನೇ ಓದುಗನು ಪುಸ್ತಕಗಳು ಹೊರಬಂದ ಕಾಲದಲ್ಲಿಯೇ ಅಂಗಡಿಯಿಂದ ಕೊಂಡು, ಒಟ್ಟಿಗೆ ಕಾದಿರಿಸಿದ ಉತ್ತಮ ಸ್ಥಿತಿಯ ಸಂಗ್ರಹಕ್ಕೆ ಸಂಗ್ರಾಹಕರು ‘ಪೆಡಿಗ್ರಿ’, ಅಂದರೆ ವಂಶಾವಳಿ, ಎಂಬ ಹೆಸರನ್ನು ಕೊಟ್ಟಿದ್ದಾರೆ.

ಈ ವಂಶಾವಳಿಗಳಲ್ಲಿ ಹೆಸರಾದುದು ಕೊಲರಾಡೋ ರಾಜ್ಯದ ಡೆನ್ವರ್ ನಗರದ ಎಡ್ಗರ್ ಚರ್ಚ್ ಅವರ ಸಂಗ್ರಹ. ಚರ್ಚ್ ಜಾಹೀರಾತುಗಳಿಗೆ ಚಿತ್ರ ಬರೆಯುತ್ತಿದ್ದ ಕಲಾವಿದರು. ತಮ್ಮ ಕೆಲಸಕ್ಕೆ ಮಾದರಿಗಳಾಗಿ ಕಾಮಿಕ್‌ಗಳನ್ನು ಕೊಂಡು ಒತ್ತೊತ್ತಾಗಿ ಪೇರಿಸಿಡುತ್ತಿದ್ದರು. ಡೆನ್ವರಿನ ಒಣ ಹವೆ, ಬೆಳಕು ತಾಗದ ಕೋಣೆ, ಗಾಳಿಯಾಡದ ಪೇರುಗಳು ಇವೆಲ್ಲ ಸೇರಿ ಆ ಕಾಗದವು ದಶಕಗಳ ನಂತರವೂ ಬೆಳ್ಳಗೆ ಉಳಿಯಿತು. 1977ರಲ್ಲಿ ಮನೆಯವರು ಮನೆಯನ್ನು ತೆರವು ಮಾಡುವಾಗ ಚಕ್ ರೊಜಾನ್ಸ್ಕಿ ಎಂಬ ತರುಣ ವ್ಯಾಪಾರಿ 18 ಸಾವಿರಕ್ಕೂ ಹೆಚ್ಚು ಪುಸ್ತಕಗಳಿದ್ದ ಆ ಸಂಗ್ರಹವನ್ನು ಕೊಂಡರು. ಅವರ ಅಂಗಡಿಯ ಹೆಸರಿನಿಂದ ಅದು ‘ಮೈಲ್ ಹೈ’ ಸಂಗ್ರಹ ಎಂದೂ ಪ್ರಸಿದ್ಧವಾಯಿತು. ಅಂದಿನ ಬೆಲೆಪಟ್ಟಿಗಿಂತ ಹೆಚ್ಚಿನ ದರವನ್ನು ಅವರು ಕೇಳಿದಾಗ ಅನೇಕರು ಮುನಿಸಿಕೊಂಡರು. ಆದರೂ ಪುಸ್ತಕಗಳು ಮಾರಾಟವಾದವು. ಇಂದು ಒಂದು ಪ್ರತಿ ಚರ್ಚ್ ಸಂಗ್ರಹದ್ದೆಂದು ಸಿದ್ಧಪಡಿಸಲು ಕಾಗದದ ಬಿಳುಪು, ಮುಖಪುಟದ ಬಣ್ಣದ ಕಾಂತಿ, ಪೆನ್ಸಿಲಿನ ಗುರುತುಗಳು ಎಲ್ಲವನ್ನೂ ಕೂಡಿಸಿ ನೋಡುತ್ತಾರೆ.

ಪೆನ್ಸಿಲಿನ ಗುರುತು ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಪುಸ್ತಕದ ಮೇಲಿನ ಬರೆಹವನ್ನು ಸಾಮಾನ್ಯವಾಗಿ ದೋಷವೆಂದು ಎಣಿಸುತ್ತೇವೆ. ಕಾಮಿಕ್ ವ್ಯಾಪಾರದಲ್ಲಿಯೂ ಅದು ಬೆಲೆಯನ್ನು ಇಳಿಸುತ್ತದೆ. ನೆಬ್ರಾಸ್ಕಾ ರಾಜ್ಯದ ವಾಸಾ ಎಂಬ ಸಣ್ಣ ಊರಿನ ಲಾಮೊಂಟ್ ಲಾರ್ಸನ್ ಎಂಬ ಹುಡುಗನ ಪುಸ್ತಕಗಳ ವಿಷಯದಲ್ಲಿ ಹಾಗಾಗಲಿಲ್ಲ. ಊರಿನ ಔಷಧದಂಗಡಿಯವರು ಹೊಸ ಸಂಚಿಕೆ ಬಂದೊಡನೆ ಆ ಹುಡುಗನಿಗಾಗಿ ತೆಗೆದಿರಿಸಿ, ಬೇರೆಯವರ ಪಾಲಾಗದಿರಲೆಂದು ಮುಖಪುಟದ ಮೇಲೆ ಅವನ ಹೆಸರನ್ನು ಬರೆಯುತ್ತಿದ್ದರು. ಇಂದು ಆ ಹೆಸರೇ ಲಾರ್ಸನ್ ಪ್ರತಿಯ ಸಾಕ್ಷಿ. ಅದನ್ನು ಅಳಿಸಿದರೆ ಮುಖಪುಟ ಚೊಕ್ಕಟವಾದೀತು, ಆದರೆ ಪ್ರತಿಯು ಅನಾಥವಾಗುತ್ತದೆ.

ಇನ್ನೂ ಸೊಗಸಾದ ಉದಾಹರಣೆ 1939ರ ‘ಮಾರ್ವೆಲ್ ಕಾಮಿಕ್ಸ್’ನ ಮೊದಲ ಸಂಚಿಕೆಯ ಒಂದು ಪ್ರತಿ. ಆ ಸಂಚಿಕೆಯನ್ನು ಸಿದ್ಧಪಡಿಸಿಕೊಟ್ಟ ಸಂಸ್ಥೆಯ ಲಾಯ್ಡ್ ಜಾಕೆ ಅವರು ಯಾವ ಕಲಾವಿದನಿಗೆ ಎಷ್ಟು ಹಣ ಸಲ್ಲಬೇಕೆಂಬುದನ್ನು ಅದೇ ಪ್ರತಿಯ ಪುಟಗಳ ಮೇಲೆ ಬರೆದಿಟ್ಟರು. ಮುಖಪುಟ ಬರೆದ ಫ್ರಾಂಕ್ ಆರ್. ಪಾಲ್ ಅವರಿಗೆ 25 ಡಾಲರ್ ಎಂಬುದು ಅದರಿಂದ ತಿಳಿಯುತ್ತದೆ. ಬರೆಹದಿಂದ ತುಂಬಿದ ಈ ಪುಸ್ತಕ 2022ರಲ್ಲಿ 24 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ಅದೀಗ ಕಥೆಯ ಪುಸ್ತಕವಷ್ಟೇ ಅಲ್ಲ, ಒಂದು ಉದ್ಯಮದ ಕೂಲಿ ಲೆಕ್ಕದ ದಾಖಲೆಯೂ ಹೌದು.

ಒಡೆಯನ ಕೀರ್ತಿಯಿಂದ ಬೆಲೆ ಏರುವುದು ಇನ್ನೊಂದು ಬಗೆ. ಚಿತ್ರನಟ ನಿಕೊಲಸ್ ಕೇಜ್ ತಮ್ಮ ಹೆಸರಿನ ಉತ್ತರಾರ್ಧವನ್ನೇ ಲ್ಯೂಕ್ ಕೇಜ್ ಎಂಬ ಕಾಮಿಕ್ ನಾಯಕನಿಂದ ಪಡೆದವರು. ಅವರ ಬಳಿಯಿದ್ದ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ 2000ದಲ್ಲಿ ಕಳವಾಗಿ, 2011ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಬಾಡಿಗೆ ದಾಸ್ತಾನು ಕೋಣೆಯಲ್ಲಿ ಸಿಕ್ಕಿತು. ಅದೇ ವರ್ಷ ನವೆಂಬರಿನಲ್ಲಿ 21 ಲಕ್ಷ 60 ಸಾವಿರ ಡಾಲರಿಗೆ ಮಾರಾಟವಾಯಿತು. ಇಲ್ಲಿ ಪರಂಪರೆಯು ಕೀರ್ತಿಯನ್ನು ತಂದುದು ಮಾತ್ರವಲ್ಲ, ಕಳವಾದ ವಸ್ತು ಯಾರದೆಂದು ನಿರ್ಣಯಿಸಲು ನೆರವಾಯಿತು. ಆದರೂ ಈ ಎರಡು ಬಗೆಗಳನ್ನು ಬೇರೆಯಾಗಿಯೇ ಎಣಿಸಬೇಕು. ಕೇಜ್ ಅವರ ಹೆಸರು ಆ ಪ್ರತಿಗೆ ನಂತರ ಸೇರಿದ ಅಲಂಕಾರ. ಲಾರ್ಸನ್ನನ ಹೆಸರು ಆ ಪ್ರತಿಯು ತನ್ನ ಕಾಲದಲ್ಲಿ ಹೇಗೆ ಓದುಗನನ್ನು ತಲುಪಿತೆಂಬುದರ ಸಾಕ್ಷ್ಯ.

ಬೆಲೆಯಿರುವಲ್ಲಿ ಮೋಸವೂ ಇರುತ್ತದೆ. ಆದ್ದರಿಂದ ಮಾರುವವನ ಬಾಯಿಮಾತು ಸಾಲದು. ಹಳೆಯ ರಸೀದಿ, ಮಾರಾಟದ ಪಟ್ಟಿ, ಮೊದಲ ಒಡೆಯನ ಕೈಬರೆಹ, ಅದೇ ಸಂಗ್ರಹದ ಇತರ ಪ್ರತಿಗಳೊಡನೆ ಹೋಲಿಕೆ ಬೇಕು. 2000ದಿಂದ ಸಿಜಿಸಿ ಎಂಬ ಸಂಸ್ಥೆ ಪುಸ್ತಕಗಳನ್ನು ಪರೀಕ್ಷಿಸಿ, 10ರ ಮಾನದಲ್ಲಿ ಅಂಕ ಕೊಟ್ಟು, ವಂಶಾವಳಿಯನ್ನು ಚೀಟಿಯಲ್ಲಿ ನಮೂದಿಸಿ, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತದೆ. ಇದರಿಂದ ಕೊಳ್ಳುವವನಿಗೆ ಭರವಸೆ ದೊರೆಯಿತು. ಜೊತೆಗೆ ಒಂದು ನಷ್ಟವೂ ಆಯಿತು: ಕವಚದೊಳಗಿನ ಪುಸ್ತಕವನ್ನು ಯಾರೂ ತೆರೆದು ಓದಲಾರರು.

ಈಗ ನಮ್ಮ ಕಡೆಗೆ ಬರೋಣ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಸಂವತ್ಸರ, ಯಾರಿಗಾಗಿ ಪ್ರತಿಮಾಡಿದೆನೆಂಬುದನ್ನು ಬರೆದಿರುತ್ತಾನೆ. ಅದು ಕವಿಯ ಮಾತಲ್ಲವೆಂದು ಸಂಪಾದಕನು ಅದನ್ನು ಎಸೆಯುವುದಿಲ್ಲ. ಪ್ರತಿಯ ಕಾಲ, ದೇಶ, ಪ್ರತಿಗಳ ಪರಸ್ಪರ ಸಂಬಂಧ ಇವುಗಳನ್ನು ತಿಳಿಯಲು ಅದನ್ನೇ ಆಶ್ರಯಿಸುತ್ತಾನೆ. ಅಚ್ಚಿನ ಪುಸ್ತಕದ ಮೇಲಿನ ಒಡೆಯನ ಹೆಸರೂ ಇದೇ ಜಾತಿಯ ಸಾಕ್ಷ್ಯ. ಕನ್ನಡ ಚಿತ್ರಕಥೆಯ ಚರಿತ್ರೆಯಲ್ಲಿಯೇ ಇದರ ಅಗತ್ಯವಿದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ‘ಅಮರ ಚಿತ್ರ ಕಥೆ’ 1967ರಲ್ಲಿ ಆರಂಭವಾಯಿತೆಂಬುದು ರೂಢಿಯ ಹೇಳಿಕೆ. ಆದರೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು, ಆ ಸರಣಿ 1965ರಲ್ಲಿ ಮೊದಲು ಕನ್ನಡದಲ್ಲಿಯೇ ಬಂದಿತೆಂದು ಹೇಳಿದ್ದಾರೆ. ಸರಣಿಯ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಮಕ್ಕಳ ಕಥೆಗಳು. ಇಂಗ್ಲಿಷ್ ಪುಸ್ತಕಗಳ ಸಂಖ್ಯೆ ‘ಕೃಷ್ಣ’ದೊಂದಿಗೆ 11ರಿಂದ ತೊಡಗುತ್ತದೆ. ಇಂಥ ಪ್ರಶ್ನೆಯಲ್ಲಿ, ಕೊಂಡ ಬಾಲಕನ ಹೆಸರು ಮತ್ತು ತಾರೀಖು ಇರುವ ಒಂದು ಹರಕು ಕನ್ನಡ ಪ್ರತಿಯು ಯಾವ ಗುರುತೂ ಇಲ್ಲದ ಹೊಚ್ಚ ಹೊಸ ಪ್ರತಿಗಿಂತ ಹೆಚ್ಚು ಮಾತಾಡಬಲ್ಲದು.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೂ ಹತ್ತಿರದ ಕೆಲಸವಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಮರಾಠಿ, ಕನ್ನಡ ಎರಡರಲ್ಲೂ ಕಲಿತ ನನ್ನ ತಲೆಮಾರಿನವರಿಗೆ 1949ರಲ್ಲಿ ಆರಂಭವಾದ ಕನ್ನಡ ‘ಚಂದಮಾಮ’ವೂ 1952ರಲ್ಲಿ ಬಂದ ಅದರ ಮರಾಠಿ ರೂಪ ‘ಚಾಂದೋಬಾ’ವೂ ಪರಿಚಿತ. ಚಿತ್ರ ಅದೇ, ಮಾತು ಬೇರೆ. ಯಾವ ಮನೆಯಲ್ಲಿ ಯಾವುದನ್ನು ಓದಿದರು, ಎರಡನ್ನೂ ಓದಿದವರು ಯಾರು, ಯಾವ ಶಾಲೆಗೆ ಕನ್ನಡ ಸಂಚಿಕೆ ಎಲ್ಲಿಯವರೆಗೆ ಬರುತ್ತಿತ್ತು ಎಂಬ ಪ್ರಶ್ನೆಗಳಿಗೆ ಜನಗಣತಿಯ ಅಂಕಿಗಳಲ್ಲಿ ಉತ್ತರವಿಲ್ಲ. ಕನ್ನಡ ಸಂಚಿಕೆಯ ಮೇಲೆ ದೇವನಾಗರಿಯಲ್ಲಿ ಬರೆದ ಒಂದು ಹೆಸರು, ಶಾಲೆಯ ಮೊಹರು, ಬಹುಮಾನದ ಚೀಟಿ, ಅಂಗಡಿಯ ಮುದ್ರೆ ಇವೇ ಅದರ ಉತ್ತರ. ಆ ಪ್ರತಿಗಳು ರದ್ದಿಗೆ ಹೋದ ದಿನ ನಮ್ಮ ಓದಿನ ಚರಿತ್ರೆಯೂ ಅವುಗಳ ಜೊತೆಗೆ ತೂಕಕ್ಕೆ ಹೋಗುತ್ತದೆ.

ಆದ್ದರಿಂದ ವಿದ್ಯಾರ್ಥಿಮಿತ್ರರು ರಜೆಯಲ್ಲಿ ಮನೆಯ ಅಟ್ಟವನ್ನು ತೆರೆದಾಗ ಕೆಲವು ನಿಯಮಗಳನ್ನು ಪಾಲಿಸಬೇಕು. ಹಳೆಯ ಹೆಸರನ್ನು ರಬ್ಬರಿನಿಂದ ಅಳಿಸಬಾರದು. ಮೊಹರಿರುವ ಪುಟವನ್ನು ಹರಿಯಬಾರದು. ಹರಿದ ಕಡೆ ಅಂಟುಪಟ್ಟಿ ಹಚ್ಚಬಾರದು. ಪುಸ್ತಕವು ಯಾರ ಮನೆಯಲ್ಲಿ, ಯಾವ ಪೆಟ್ಟಿಗೆಯಲ್ಲಿ, ಬೇರೆ ಯಾವ ಪುಸ್ತಕಗಳ ಜೊತೆಗೆ ದೊರೆಯಿತೆಂಬುದನ್ನು ಬೇರೊಂದು ಕಾಗದದಲ್ಲಿ ತಾರೀಖಿನೊಡನೆ ಬರೆದು ಒಟ್ಟಿಗೆ ಇಡಬೇಕು. ಮನೆಯ ಹಿರಿಯರಿಗೆ ಅದನ್ನು ತೋರಿಸಿ, ಆ ಹೆಸರು ಯಾರದೆಂದು ಕೇಳಬೇಕು. ಅವರು ಹೇಳಿದ ಮಾತನ್ನು ಅವರ ನುಡಿಯಲ್ಲಿಯೇ, ಅದು ಮರಾಠಿಯಾದರೆ ಮರಾಠಿಯಲ್ಲಿಯೇ, ಬರೆದುಕೊಳ್ಳಬೇಕು.