ಮಂಡಕಳ್ಳಿ ಹತ್ತಿರ, ವಿಮಾನ ದೂರ

ಪಾಂಡವಪುರ: ದುಬೈಗೆ ಹೊರಟ ಮಗನನ್ನು ವಿಮಾನ ಹತ್ತಿಸಬೇಕಾದರೆ ಪಾಂಡವಪುರದವರು ಯಾವ ಕಡೆ ಮುಖ ಮಾಡಬೇಕು? ಮೈಸೂರು ದಾಟಿ ನಂಜನಗೂಡು ರಸ್ತೆಗೆ ಬಿದ್ದರೆ ಮಂಡಕಳ್ಳಿ ನಿಲ್ದಾಣ, ಒಂದು ಗಂಟೆಯ ದಾರಿ. ಬೆಂಗಳೂರು ದಾಟಿ ದೇವನಹಳ್ಳಿಗೆ ಹೋಗಬೇಕಾದರೆ 150 ಕಿ.ಮೀ. ಮೇಲಾಗುತ್ತೆ. ಆದರೂ ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೇ ಹೋಗಬೇಕು. ಯಾಕಂದ್ರೆ ದುಬೈ ವಿಮಾನ ಮಂಡಕಳ್ಳಿಗೆ ಇಳಿಯೋದಿಲ್ಲ.

2008ರ ಮೇ 24ರಂದು ಶುರುವಾದ ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ ಒಂದು ಕರಾರುಂಟು. 25 ವರ್ಷದ ತನಕ 150 ಕಿ.ಮೀ. ಒಳಗೆ ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣ ಕೂಡದು ಅಂತ. ಆದರೆ ಮೈಸೂರು, ಹಾಸನ ಎರಡಕ್ಕೂ ಅದರಲ್ಲೇ ವಿನಾಯಿತಿ ಕೊಟ್ಟಿದ್ದಾರೆ. ಅಂದರೆ ಮಂಡಕಳ್ಳಿಗೆ ಅಡ್ಡ ಬಂದಿದ್ದು ಕಾಗದವಲ್ಲ, ರನ್‌ವೇ. ಮಹಾರಾಜರ ಕಾಲದಲ್ಲಿ, 1940ರಲ್ಲಿ ಆದ ಮೈದಾನ ಅದು. 2010ರಲ್ಲಿ ಹೊಸದಾಗಿ ತೆರೆದಾಗ ರನ್‌ವೇ ಉದ್ದ 1740 ಮೀಟರ್. ಎಪ್ಪತ್ತು ಸೀಟಿನ ಫ್ಯಾನಿನ ವಿಮಾನಕ್ಕೆ ಸಾಕು, ದೊಡ್ಡದಕ್ಕೆ ಸಾಲದು. ಉದ್ದ ಮಾಡೋಣವೆಂದರೆ ನಂಜನಗೂಡು ಹೆದ್ದಾರಿಯೇ ಅಡ್ಡ.

ಎರಡು ನಿಲ್ದಾಣಗಳ ನಡುವೆಯೇ ವಿಮಾನ ಬಿಟ್ಟು ನೋಡಿದ್ದೂ ಆಯ್ತು. 2010ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಶುರುಮಾಡಿತು, ಮರುವರ್ಷವೇ ನಿಂತಿತು. 2013ರಲ್ಲಿ ಇನ್ನೊಂದು ಕಂಪನಿ ಬಂತು, ಅದೂ ಬಾಳಲಿಲ್ಲ. ಲೆಕ್ಕ ಹಾಕಿ ಸ್ವಾಮಿ! ಶ್ರೀರಂಗಪಟ್ಟಣದ ವ್ಯಾಪಾರಿ ಬೆಂಗಳೂರಿಗೆ ಹೋಗಲು ಮೊದಲು ಹಿಂದಕ್ಕೆ ಮೈಸೂರು ದಾಟಬೇಕು. ಅಲ್ಲಿ ಒಂದು ಗಂಟೆ ಮುಂಚೆ ಹೋಗಿ ಕಾಯಬೇಕು. ಆಕಾಶದಲ್ಲಿ ಗಂಟೆಯೊಳಗಿನ ಪಯಣ, ನಿಜ. ಇಳಿಯೋದು ಮಾತ್ರ ದೇವನಹಳ್ಳಿಯಲ್ಲಿ! ಅಲ್ಲಿಂದ ಮೆಜೆಸ್ಟಿಕ್‌ಗೆ ಮತ್ತೆ ಬಸ್ಸು. ಅಷ್ಟು ಹೊತ್ತಿಗೆ ರೈಲಿನಲ್ಲಿ ಹೋದವನು ಚಿಕ್ಕಪೇಟೆಯಲ್ಲಿ ಸರಕು ಕಟ್ಟಿಸುತ್ತಿರುತ್ತಾನೆ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯ್ತು. ಗಣಂಗೂರಿನಲ್ಲಿ ಟೋಲ್ ಕಟ್ಟಿದರೆ ಕೆಂಗೇರಿ ತನಕ ಕಾರು ಒಂದೂವರೆ ಗಂಟೆಯಲ್ಲಿ ಹೋಗುತ್ತೆ. ಆಮೇಲೆ ಊರೊಳಗಿನ 50 ಕಿ.ಮೀ. ಚಿಲ್ಲರೆ ದಾರಿ ಇದೆಯಲ್ಲ, ಅದಕ್ಕೆ ಅಷ್ಟೇ ಹೊತ್ತು ಬೇಕು. ಸಂಜೆ ಹೊತ್ತಾದರೆ ಇನ್ನೂ ಜಾಸ್ತಿ.

ನಾಗಮಂಗಲದವರಿಗೆ ಈ ಗೋಳು ಇರಬೇಕಾಗಿಲ್ಲ. ಬೆಳ್ಳೂರು ಕ್ರಾಸಿನಲ್ಲಿ ಹಾಸನ ಹೆದ್ದಾರಿ ಹಿಡಿದು, ಕುಣಿಗಲ್ ದಾಟಿ, ನೆಲಮಂಗಲದಿಂದ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಬೆಂಗಳೂರಿನೊಳಕ್ಕೆ ಕಾಲಿಡದೆ ದೇವನಹಳ್ಳಿ ಸೇರಬಹುದು. ಕೆ.ಆರ್.ಪೇಟೆಯವರೂ ಕಿಕ್ಕೇರಿ, ಶ್ರವಣಬೆಳಗೊಳದ ಮೇಲೆ ಹಿರೀಸಾವೆಗೆ ಬಂದು ಅದೇ ಹೆದ್ದಾರಿ ಸೇರಬಹುದು. ಕಾರಿದ್ದವರಿಗೆ ಇದು ಗೊತ್ತು. ಬಸ್ಸಿನವರಿಗೆ ಗೊತ್ತಿದ್ದೂ ಏನು ಪ್ರಯೋಜನ? ಎರಡು ನಿಲ್ದಾಣಗಳ ನಡುವೆ ಮತ್ತೊಂದು ವಿಮಾನ ಹಾರಿಸುವ ಬದಲು, ಈ ದಾರಿಯಲ್ಲಿ ರಾತ್ರಿ ವಿಮಾನಕ್ಕೆ ಹೊಂದುವ ಒಂದು ಬಸ್ಸು ಓಡಿಸಿದರೆ ಈ ಕಡೆಯವರಿಗೆ ಹೆಚ್ಚು ಉಪಕಾರ.

ಪಾಂಡವಪುರದ ಆ ಮಗನ ವಿಮಾನ ಬೆಳಗಿನ ಜಾವ 4ಕ್ಕೆ ಅಂದುಕೊಳ್ಳಿ. 1 ಗಂಟೆಗೆಲ್ಲ ಅಲ್ಲಿರಬೇಕು. ಸಂಜೆಯೇ ಊಟ ಮುಗಿಸಿ, ಬಾಡಿಗೆ ಕಾರಿಗೆ ಪೆಟ್ಟಿಗೆ ಏರಿಸಿ, 9ಕ್ಕೇ ಮನೆ ಬಿಡಬೇಕು.