ಓಡಿಸೋಕೆ ಮುಂಚೆ ನಿಲ್ಲಿಸೋದು ಕಲಿಸಿ!

ಮಗ ಬಂದು "ಟ್ರ್ಯಾಕ್ ಡೇಗೆ ಹೋಗ್ತೀನಿ, ಕಾರಿಗೆ ಸ್ವಲ್ಪ ದುಡ್ಡು ಬೇಕು" ಅಂದರೆ ಗಲ್ಲಾಪೆಟ್ಟಿಗೆ ಮುಂದೆ ಕೂತ ಅಪ್ಪನಿಗೆ ಮೈ ಉರಿಯುವುದು ಸಹಜ. ಆದರೆ ಬೈಯುವ ಮುಂಚೆ ಕೇಳಿ ಸ್ವಾಮಿ. ನಡುರಾತ್ರಿ ರಿಂಗ್ ರೋಡಿನಲ್ಲಿ ಪಂದ್ಯ ಕಟ್ಟುವುದಕ್ಕಿಂತ ಇದು ಸಾವಿರ ಪಾಲು ವಾಸಿ. ಟ್ರ್ಯಾಕಿನಲ್ಲಿ ಎದುರಿಗೆ ಲಾರಿ ಬರುವುದಿಲ್ಲ, ಶಾಲೆ ಮಕ್ಕಳು ರಸ್ತೆ ದಾಟುವುದಿಲ್ಲ.

ಟ್ರ್ಯಾಕ್ ಡೇ ಅಂದರೆ ಪಂದ್ಯವಲ್ಲ, ಬಹುಮಾನವೂ ಇಲ್ಲ. ಶುಲ್ಕ ಕಟ್ಟಿ, ಸರದಿಯಂತೆ ನಾಲ್ಕಾರು ಸುತ್ತು ಸ್ವಂತ ಕಾರು ಓಡಿಸುವುದು, ಅಷ್ಟೆ. ನಮ್ಮ ಹುಡುಗರು ಹೋಗುವುದು ಬೆಂಗಳೂರು-ಚೆನ್ನೈ ಹೆದ್ದಾರಿಯ ಶ್ರೀಪೆರಂಬುದೂರು ಬಳಿಯ 3.7 ಕಿಲೋಮೀಟರ್ ಟ್ರ್ಯಾಕಿಗೆ, ಇಲ್ಲವೇ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ. ಈ ಎರಡನೆಯದಕ್ಕೆ ಹೆಸರು ಬಂದದ್ದು ಕರಿವರ್ಧನ್ ಅವರಿಂದ. ಮಾರುತಿ 800ರ ಪುಟ್ಟ ಎಂಜಿನ್ ಹಾಕಿ ರೇಸ್ ಕಾರು ಕಟ್ಟಿದ ಮಹಾನುಭಾವ ಅವರು. ವಿದೇಶದಲ್ಲಿ ಈ ಆಟಕ್ಕೆ ಹೆಸರಾದದ್ದು 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5. ಅದರ ತೂಕ ಒಂದು ಟನ್ನಿನ ಆಸುಪಾಸು. ಆದ್ದರಿಂದ ಬೇಸ್ ಮಾಡೆಲ್ ಅಂತ ನಾಚಿಕೆ ಬೇಡ. ಸನ್‌ರೂಫ್ ಇಲ್ಲದ ಕಾರಿಗೆ ಹೊರೆಯೂ ಕಮ್ಮಿ.

ತಪ್ಪಾಗುವುದು ಎಲ್ಲಿ ಅಂದರೆ, ಹುಡುಗರು ಮೊದಲ ದುಡ್ಡನ್ನು ಎಂಜಿನ್ನಿಗೆ, ಗುಡುಗುವ ಸೈಲೆನ್ಸರಿಗೆ ಸುರಿಯುತ್ತಾರೆ. ಚಾರ್ಮಾಡಿ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಸುಟ್ಟ ವಾಸನೆ ಬಂದದ್ದು ನೆನಪಿದೆಯೇ? ಅದು ಬ್ರೇಕ್ ಕಾದ ವಾಸನೆ. ವೇಗ 60ರಿಂದ 120ಕ್ಕೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಎರಡಲ್ಲ, ನಾಲ್ಕು ಪಟ್ಟು. ಟ್ರ್ಯಾಕಿನಲ್ಲಿ ಇದು ಪ್ರತಿ ತಿರುವಿನಲ್ಲೂ ನಡೆಯುತ್ತೆ.

ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದರೆ ಆವಿಯ ಗುಳ್ಳೆ, ಪೆಡಲ್ ಒತ್ತಿದರೆ ಮೆತ್ತಗೆ ನೆಲಕ್ಕೆ! ಆಮೇಲೆ ದೇವರೇ ಗತಿ. ಆದ್ದರಿಂದ ಕಾರಿಗೆ ಹೊಂದುವಂಥದ್ದಾದರೆ ಹೊಸ ಡಾಟ್ 4 ಹಾಕಿಸಿ. ಅದರ ಮಿತಿ 230. ಜತೆಗೆ ಶಾಖ ತಡೆಯುವ ಪ್ಯಾಡು, ಸವೆಯದ ಟೈರು. ಎಂಜಿನ್ ಆಸೆ ಆಮೇಲೆ.

ಉಳಿದದ್ದಕ್ಕೆ ಕಾಸೂ ಬೇಡ. ನೀರಿನ ಬಾಟಲಿ, ಜ್ಯಾಕು, ಕಾಲೊರಸು ಎಲ್ಲ ಇಳಿಸಿ. ಪೆಡಲ್ ಕೆಳಗೆ ಉರುಳಿದ ಒಂದು ಬಾಟಲಿ ಸಾಕು ಪ್ರಾಣಕ್ಕೆ. ಚಕ್ರದ ನಟ್ಟು ಬಿಗಿ ನೋಡಿ. ಹೆಲ್ಮೆಟ್ ತಪ್ಪಬಾರದು. ಕೊನೆಯ ಸುತ್ತು ನಿಧಾನವಾಗಿ ಹೊಡೆದು ಬ್ರೇಕ್ ತಣಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ವ್ಯಾಪಾರಸ್ಥರಿಗೊಂದು ಕಿವಿಮಾತು: ಮಾಮೂಲಿ ಕಾರು ವಿಮೆ ಪಾಲಿಸಿಯಲ್ಲಿ ರೇಸು, ವೇಗ ಪರೀಕ್ಷೆಗೆ ಪರಿಹಾರವಿಲ್ಲ ಅಂತ ಬರೆದಿರುತ್ತೆ. ಸಣ್ಣಕ್ಷರ ಓದಿ. ಗುದ್ದಿದರೆ ರಿಪೇರಿ ಬಿಲ್ಲು ನಿಮ್ಮ ಗಲ್ಲಾದಿಂದಲೇ.

ಮಗ ಬಿಲ್ಲು ತಂದಾಗ ಮೊದಲ ಸಾಲು ನೋಡಿ. ಅಲ್ಲಿ 'ಬ್ರೇಕ್' ಅಂತಿದ್ದರೆ ಹುಡುಗನಿಗೆ ಬುದ್ಧಿ ಇದೆ, ದುಡ್ಡು ಕೊಡಿ. 'ಸೈಲೆನ್ಸರ್' ಅಂತಿದ್ದರೆ ಬೀಗದ ಕೈ ನಿಮ್ಮ ಜೇಬಲ್ಲೇ ಇರಲಿ!